ಒಂದೇ ಉಸಿರಿನಲ್ಲಿ ಐವತ್ತೆಂಟು

ಅರ್ಜಿ ತಿರಸ್ಕರಿಸುವುದು ನನ್ನ ಕೆಲಸ. ಇಪ್ಪತ್ತೊಂದು ವರ್ಷದಿಂದ ನೀರು ಸರಬರಾಜು ಕಚೇರಿಯ ಮೂರನೇ ಕೌಂಟರಿನಲ್ಲಿ ಕೂತು, ಹೊಸ ನಲ್ಲಿ ಕೇಳಿಕೊಂಡು ಬಂದವರಿಗೆ ಅದು ಯಾಕೆ ಸಿಗುವುದಿಲ್ಲ ಎಂದು ಬರೆದು ಕೊಡುತ್ತಿದ್ದೇನೆ. ಹಾಗಾಗಿ ಅಕ್ಕನ ಔಷಧಿಗೆ ದುಡ್ಡು ಕೊಡುವುದಿಲ್ಲ ಎಂದು ವಿಮಾ ಕಂಪನಿಯಿಂದ ಪತ್ರ ಬಂದಾಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಒಂದು ಬಗೆಯ ಗೌರವ. ನಮ್ಮ ಕಚೇರಿಯಲ್ಲಿ ಅಷ್ಟು ಚೆಂದದ ಪತ್ರ ಬರೆಯುವವರು ಯಾರೂ ಇಲ್ಲ. ಎರಡು ಪುಟದಲ್ಲಿ ಎಲ್ಲೂ 'ಇಲ್ಲ' ಎಂಬ ಮಾತೇ ಇರಲಿಲ್ಲ. 'ತಮ್ಮ ಆರೋಗ್ಯವೇ ನಮ್ಮ ಕಾಳಜಿ' ಎಂದು ಶುರುವಾಗಿ, 'ತಮಗೆ ಶುಭವಾಗಲಿ' ಎಂದು ಮುಗಿದಿತ್ತು. ಸಿಟ್ಟು ಎರಡನೇ ಸಲ ಓದಿದಾಗ ಬಂತು. ಬಂದದ್ದು ಇನ್ನೂ ಹೋಗಿಲ್ಲ.

ವಿಷಯ ಇಷ್ಟು. ಅಕ್ಕನಿಗೆ ಉಬ್ಬಸ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಬಾಯಿಗಿಟ್ಟು ಎಳೆದುಕೊಳ್ಳುವ ಒಂದು ನೇರಳೆ ಬಣ್ಣದ ಪಂಪು ಅವಳನ್ನು ನಾಲ್ಕು ವರ್ಷದಿಂದ ನೆಟ್ಟಗೆ ನಡೆಸಿಕೊಂಡು ಬಂದಿತ್ತು. ಭಾವನಿಗೆ ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಗಂಡ ಹೆಂಡತಿ ಇಬ್ಬರ ವಿಮೆಯೂ ಆ ಕಾರ್ಖಾನೆಯ ಮೂಲಕವೇ. ವರ್ಷದ ಮೊದಲಲ್ಲಿ ಕಾರ್ಖಾನೆಯವರು ವಿಮಾ ಕಂಪನಿಯನ್ನು ಬದಲಾಯಿಸಿದರು. ಹೊಸ ಕಂಪನಿಯ ಔಷಧಿ ಪಟ್ಟಿಯಲ್ಲಿ ನೇರಳೆ ಪಂಪು ಇರಲಿಲ್ಲ, ಕಂದು ಬಣ್ಣದ್ದು ಇತ್ತು. ಮೊದಲು ಕಂದು ಪಂಪನ್ನು ಮೂರು ತಿಂಗಳು ಬಳಸಬೇಕು, ಅದರಿಂದ ಗುಣ ಕಾಣದಿದ್ದರೆ ನೇರಳೆಯದನ್ನು ಪರಿಶೀಲಿಸಲಾಗುವುದು ಎಂದು ಪತ್ರ ಹೇಳಿತು.

ಕಂದು ಪಂಪನ್ನು ಅಕ್ಕ ನಾಲ್ಕು ವರ್ಷದ ಹಿಂದೆಯೇ ಬಳಸಿ ಆಗಿತ್ತು. ಅದರಿಂದ ಅವಳು ಕಂಡದ್ದು ಗುಣವನ್ನಲ್ಲ, ಒಂಬತ್ತು ದಿನದ ಆಸ್ಪತ್ರೆಯನ್ನು. ಅದರಲ್ಲಿ ಎರಡು ದಿನ ಅವಳು ನಮ್ಮ ಯಾರ ಗುರುತೂ ಹಿಡಿಯಲಿಲ್ಲ. ಆದರೆ ಅದು ಹಳೆಯ ಕಂಪನಿಯ ಕಾಲದಲ್ಲಿ ಕಟ್ಟಿದ ಉಸಿರು. ಹೊಸ ಕಂಪನಿಯ ಮಟ್ಟಿಗೆ ಅಕ್ಕನಿಗೆ ಇನ್ನೂ ಒಮ್ಮೆಯೂ ಉಸಿರು ಕಟ್ಟಿರಲಿಲ್ಲ.

ಕೈಯಿಂದ ದುಡ್ಡು ಹಾಕಿ ಕೊಂಡರಾಯಿತಲ್ಲ ಎಂದು ಹೇಳಿದವರಿದ್ದಾರೆ. ಬೆಲೆ ಕೇಳಿದ ಮೇಲೆ ಅವರೂ ಬಾಯಿ ಮುಚ್ಚಿಕೊಂಡರು. ಪಂಪಿನ ಹಿಂಬದಿಯಲ್ಲಿ ಒಂದು ಪುಟ್ಟ ಕಿಂಡಿ ಇದೆ, ಇನ್ನೂ ಎಷ್ಟು ಸಲ ಎಳೆದುಕೊಳ್ಳಬಹುದು ಎಂದು ಅದರಲ್ಲಿ ಅಂಕಿ ಕಾಣುತ್ತದೆ. ಪತ್ರ ಬಂದ ದಿನ ಅದರಲ್ಲಿ ಎಪ್ಪತ್ತಾರು ಇತ್ತು. ಅಂದರೆ ಹತ್ತೊಂಬತ್ತು ದಿನ.

ಅಕ್ಕನ ಬಗ್ಗೆ ಹೇಳಬೇಕು. ಅವಳು ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. ಇಪ್ಪತ್ತಾರು ವರ್ಷದ ಸರ್ವಿಸು. ಸಮಯಕ್ಕೆ ಸರಿಯಾಗಿ ಬರುವ ರೈಲುಗಳ ವಿಚಾರವನ್ನು ಈಗ ಯಂತ್ರವೇ ಹೇಳುತ್ತದೆ; ತಡವಾಗಿ ಬರುವವು, ಬರದೇ ಇರುವವು, ಪ್ಲಾಟ್‌ಫಾರಂ ಬದಲಾದವು ಅಕ್ಕನ ಪಾಲು. ಆದ್ದರಿಂದ ಅವಳಿಗೆ ಕೈತುಂಬ ಕೆಲಸ. ನಿಲ್ದಾಣದ ಸುತ್ತಮುತ್ತಲಿನವರೆಲ್ಲ ಅವಳನ್ನು ಮೈಕಕ್ಕ ಎನ್ನುತ್ತಾರೆ. ದನಿ ಕೇಳಿದರೆ ನೀವೂ ಒಪ್ಪುತ್ತೀರಿ. ಎರಡು ಗಂಟೆ ತಡ ಎಂಬುದನ್ನು ಅವಳು ಹೇಳಿದರೆ ಅದು ನಮ್ಮ ಒಳ್ಳೆಯದಕ್ಕೇ ಇರಬೇಕು ಎನ್ನಿಸುತ್ತದೆ. ಆ ದನಿಯೇ ನಮ್ಮ ತಲೆಗೆ ಬಂತು.

ನಾನು ನನ್ನ ಅನುಭವವನ್ನೆಲ್ಲ ಧಾರೆಯೆರೆದು ಮೇಲ್ಮನವಿ ಬರೆದೆ. ಎದೆರೋಗದ ಡಾಕ್ಟರಮ್ಮ ಮೂರು ಪುಟದ ಪತ್ರ ಕೊಟ್ಟರು, ಹಳೆಯ ಆಸ್ಪತ್ರೆಯ ಕಾಗದಗಳನ್ನೂ ಲಗತ್ತಿಸಿದರು. ಅರ್ಜಿಗೆ ಕಾಗದ ಸಾಲದು ಎಂದು ಇಪ್ಪತ್ತೊಂದು ವರ್ಷ ಹೇಳಿದವಳು ನಾನು. ಈ ಅರ್ಜಿಯಲ್ಲಿ ಒಂದು ಕಾಗದವೂ ಕಮ್ಮಿಯಿರಲಿಲ್ಲ. ಕಂಪನಿಯವರು ಮೆಚ್ಚಿಕೊಂಡು ಉತ್ತರ ಬರೆದರು. ಕಾಗದಗಳು ಸರಿಯಾಗಿವೆ, ರೋಗಿಯನ್ನು ಫೋನಿನಲ್ಲಿ ನಮ್ಮ ನರ್ಸ್ ಮಾತನಾಡಿಸಿ ಉಸಿರಾಟದ ಮಟ್ಟ ತಿಳಿದುಕೊಳ್ಳುತ್ತಾರೆ, ಅದರ ಮೇಲೆ ತೀರ್ಮಾನ ಎಂದರು. ಫೋನು ಬಂದ ದಿನ ನಾನು ಕೌಂಟರಿನಲ್ಲಿ ಇನ್ನೊಬ್ಬರಿಗೆ ಇಲ್ಲ ಎನ್ನುತ್ತಿದ್ದೆ. ಭಾವ ಕಾರ್ಖಾನೆಯಲ್ಲಿದ್ದರು. ಅಕ್ಕ ಒಬ್ಬಳೇ ಮಾತಾಡಿದಳು.

ಮೂರು ದಿನ ಬಿಟ್ಟು ಪತ್ರ ಬಂತು. ಪಂಪಿನಲ್ಲಿ ಆಗ ನಲವತ್ತು. ಅಡುಗೆಮನೆಯಲ್ಲಿ ನಿಂತುಕೊಂಡೇ ನಾನು ಜೋರಾಗಿ ಓದಿದೆ.

'ಪಾಲಿಸಿದಾರರ ಪತ್ನಿಯು ತಾವು ಚೆನ್ನಾಗಿರುವುದಾಗಿ ಸ್ವತಃ ತಿಳಿಸಿರುತ್ತಾರೆ. ಪೂರ್ಣ ವಾಕ್ಯಗಳಲ್ಲಿ, ತಡೆಯಿಲ್ಲದೆ ಮಾತನಾಡಿರುತ್ತಾರೆ. ಒಂದೇ ಉಸಿರಿನಲ್ಲಿ ಅಂಕಿಗಳನ್ನು ಎಣಿಸುವ ಪರೀಕ್ಷೆಯಲ್ಲಿ ಐವತ್ತೆಂಟರವರೆಗೆ ಎಣಿಸಿರುತ್ತಾರೆ. ಇದು ಅವರ ವಯಸ್ಸಿನ ಆರೋಗ್ಯವಂತರ ಸರಾಸರಿಗಿಂತ ಉತ್ತಮವಾಗಿರುತ್ತದೆ. ಅಭಿನಂದನೆಗಳು.'

"ಅಭಿನಂದನೆ ಬೇರೆ ಹೇಳಿದಾರೆ," ಅಂದರು ಭಾವ.

ನಾನು ಪತ್ರವನ್ನು ಮೇಜಿನ ಮೇಲಿಟ್ಟು ಅಕ್ಕನ ಮುಂದೆ ಕೂತೆ. ಅವಳು ನನಗಿಂತ ಆರು ವರ್ಷ ದೊಡ್ಡವಳು. ಅವಳನ್ನು ಕೂರಿಸಿ ವಿಚಾರಣೆ ಮಾಡುವ ಅವಕಾಶ ಅಲ್ಲಿಯವರೆಗೆ ನನಗೆ ಸಿಕ್ಕಿರಲಿಲ್ಲ.

"ಚೆನ್ನಾಗಿದ್ದೀನಿ ಅಂತ ಯಾಕೆ ಹೇಳ್ದೆ?"

"ನಾನು ಫೋನ್ ಎತ್ತಿದ ತಕ್ಷಣ ಆ ನರ್ಸ್ ಹೇಗಿದ್ದೀರಿ ಅಂತ ಕೇಳಿದ್ಲು. ಚೆನ್ನಾಗಿದ್ದೀನಿ, ನೀವು ಚೆನ್ನಾಗಿದ್ದೀರಾ ಅಂದೆ. ಇನ್ನೇನು ಹೇಳ್ಬೇಕಿತ್ತು? ಗುರುತಿಲ್ಲ ಪರಿಚಯ ಇಲ್ಲ, ಸಾಯ್ತಾ ಇದ್ದೀನಿ ಅನ್ಲಾ?"

"ಹೂಂ, ಹಾಗೇ ಅನ್ಬೇಕಿತ್ತು."

"ಅವಳಿಗೆ ನೆಗಡಿ ಆಗಿತ್ತು ಪಾಪ. ನಾನೇ ಬಿಸಿನೀರು ಕುಡೀರಿ ಅಂದೆ."

ಭಾವ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. ಅವರ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದರು ಎಂದುಕೊಂಡೆ, ಈಗ ಅಷ್ಟು ಖಾತ್ರಿಯಿಲ್ಲ.

"ಅದು ಬಿಡು. ಐವತ್ತೆಂಟು ಹೇಗೆ ಬಂತು? ನಿನ್ನೆ ಹಾಲಿನ ಪ್ಯಾಕೆಟ್ ತರೋಕೆ ಕೆಳಗೆ ಹೋಗಿ ಮೇಲೆ ಬರೋಷ್ಟರಲ್ಲಿ ಮೂರು ಕಡೆ ನಿಂತೆ. ಈಗ ಎಣಿಸು ನೋಡೋಣ, ನನ್ನ ಮುಂದೆ."

ಅಕ್ಕ ನನ್ನ ಮುಂದೆ ಎಣಿಸಿದಳು. ಹತ್ತಕ್ಕೆ ನಿಂತಳು. ಹನ್ನೊಂದು ಬರಲಿಲ್ಲ.

"ಫೋನಲ್ಲಿ ಐವತ್ತೆಂಟು, ಮನೇಲಿ ಹತ್ತು. ಇದೇನು ಪವಾಡ?"

ಅವಳು ಬಲಗೈಯ ಹೆಬ್ಬೆರಳನ್ನು ನೋಡಿಕೊಂಡಳು. ಆಮೇಲೆ ಹೇಳಿದಳು.

ಅವಳ ಮೈಕು ಹಳೆಯ ಕಾಲದ್ದು. ಅದರ ಬುಡದಲ್ಲಿ ಒಂದು ಗುಂಡಿ. ಒತ್ತಿ ಹಿಡಿದಿರುವಷ್ಟು ಹೊತ್ತು ದನಿ ಹೊರಗೆ ಹೋಗುತ್ತದೆ, ಬೆರಳೆತ್ತಿದರೆ ನಿಲ್ಲುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಅವಳಿಗೆ ತರಬೇತಿ ಕೊಟ್ಟ ಮೇಲ್ವಿಚಾರಕಿ ಹೇಳಿದ್ದು ಒಂದೇ ಮಾತು: ನಿನ್ನ ಉಸಿರು ನಿನ್ನದು, ಅದು ಪ್ರಯಾಣಿಕರಿಗೆ ಕೇಳಬಾರದು. ಕೆಮ್ಮು, ಸೀನು, ಏದುಸಿರು ಏನು ಬಂದರೂ ಅದಕ್ಕಿಂತ ಮುಂಚೆ ಬೆರಳು ಮೇಲೇಳಬೇಕು. ಇಪ್ಪತ್ತಾರು ವರ್ಷದಲ್ಲಿ ಅಕ್ಕ ಆ ವಿದ್ಯೆಯನ್ನು ಎಲ್ಲಿಗೆ ಒಯ್ದಿದ್ದಳೆಂದರೆ, ಎರಡು ಪದಗಳ ನಡುವೆ ಬೆರಳೆತ್ತಿ ಒಂದು ಗುಟುಕು ಉಸಿರು ನುಂಗಿ ಮತ್ತೆ ಒತ್ತುವುದು ಯಾರ ಕಿವಿಗೂ ಸಿಗುತ್ತಿರಲಿಲ್ಲ. ಮೊಬೈಲಿನಲ್ಲೂ ದನಿ ಅಡಗಿಸುವ ಗುರುತು ಒಂದಿದೆಯಲ್ಲ, ಅವಳ ಹೆಬ್ಬೆರಳು ಅದನ್ನು ತಾನಾಗಿ ಹುಡುಕಿಕೊಂಡಿತ್ತು. ನರ್ಸ್ ಎಣಿಸಲು ಹೇಳಿದಳು, ಇವಳು ಎಣಿಸಿದಳು. ಐದಾರು ಅಂಕಿಗೊಮ್ಮೆ ಬೆರಳು ಆಡಿತು. ಐವತ್ತೆಂಟಕ್ಕೆ ನಿಲ್ಲಿಸಿದ್ದೂ ಉಸಿರು ಮುಗಿದು ಅಲ್ಲ. ಸಾಕು ಎಂದು ನರ್ಸೇ ಹೇಳಿದಳಂತೆ.

"ಬೇಕು ಅಂತ ಮಾಡಿದ್ದಲ್ಲ ಕಣೇ. ಫೋನ್ ಕೈಗೆ ಬಂದ್ರೆ ಹಾಗೇ ಆಗತ್ತೆ. ನೆನಪಾದಾಗ ನಲವತ್ತು ದಾಟಿಬಿಟ್ಟಿದ್ದೆ. ನಡುವೆ ನಿಲ್ಸಿ, ಇಲ್ಲ ಇದು ಸುಳ್ಳು ಅನ್ನೋದು ಹೇಗೆ?"

ನನ್ನ ಮೈಯೆಲ್ಲ ಉರಿದುಹೋಯಿತು. ಕಂಪನಿಯ ಮೇಲೆ ಉರಿಯಬೇಕಾದದ್ದು ಅವಳ ಮೇಲೆ ಉರಿಯಿತು. ಹೊಟ್ಟೆಗಿಲ್ಲದವರೂ ಊಟ ಆಯಿತಾ ಎಂದರೆ ಆಯಿತು ಎನ್ನುತ್ತಾರೆ, ಒಪ್ಪಿದೆ. ಆದರೆ ಊಟ ಹಾಕುವವರೇ ಎಲೆ ಹಿಡಿದು ಕೇಳುವಾಗಲೂ ಹಾಗನ್ನುತ್ತಾರೆಯೇ? ಇದನ್ನೆಲ್ಲ ನಾನು ಸ್ವಲ್ಪ ಗಟ್ಟಿಯಾಗಿಯೇ ಅಂದೆ. ಅಕ್ಕ ತಲೆತಗ್ಗಿಸಿ ಕೇಳಿಸಿಕೊಂಡಳು. ಅವಳು ತಲೆತಗ್ಗಿಸಿದ್ದು ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಡಾಕ್ಟರಮ್ಮನಿಗೆ ಪತ್ರ ತೋರಿಸಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಐವತ್ತೆಂಟು ನನ್ ಕೈಲೂ ಆಗಲ್ಲ," ಅಂದರು. ನಿಜವಾಗಿಯೂ ಎಣಿಸಿ ನೋಡಿದರು. ಮೂವತ್ತೊಂಬತ್ತಕ್ಕೆ ಮುಖ ಕೆಂಪಾಯಿತು.

ಕೊನೆಯ ಮೇಲ್ಮನವಿ ಒಂದು ಉಳಿದಿತ್ತು. ಕಂಪನಿಯ ಒಬ್ಬ ಡಾಕ್ಟರು, ಒಬ್ಬ ಅಧಿಕಾರಿ ಫೋನಿನಲ್ಲೇ ವಿಚಾರಣೆ ನಡೆಸುತ್ತಾರೆ, ಅದೇ ಅಂತಿಮ. ದಿನ ಗೊತ್ತಾದದ್ದು ಹನ್ನೊಂದು ದಿನ ಬಿಟ್ಟು. ಪಂಪಿನಲ್ಲಿ ಹತ್ತು ದಿನದ ಔಷಧಿ ಇತ್ತು. ಒಂದು ದಿನ ಹೇಗೋ ಕಳೆದೀತು, ಆಮೇಲಿನದು ನೋಡೋಣ ಎಂದುಕೊಂಡೆವು.

ಆ ನಡುವೆ ಒಂದು ಮಧ್ಯಾಹ್ನ ಡಾಕ್ಟರಮ್ಮನ ಹೊಸ ಕಾಗದಕ್ಕೆ ಅಕ್ಕನ ಸಹಿ ಬೇಕಾಗಿ ನಿಲ್ದಾಣಕ್ಕೆ ಹೋದೆ. ಅಷ್ಟು ವರ್ಷದಲ್ಲಿ ಅವಳ ಪ್ರಕಟಣಾ ಕೊಠಡಿಗೆ ನಾನು ಹತ್ತಿದ್ದು ಅದೇ ಮೊದಲು. ಒಂದನೇ ಪ್ಲಾಟ್‌ಫಾರಂ ಮೇಲೆ, ನಲವತ್ತೊಂದು ಕಬ್ಬಿಣದ ಮೆಟ್ಟಿಲು. ಉಬ್ಬಸವಿಲ್ಲದ ನನಗೇ ಕೊನೆಯಲ್ಲಿ ಏದುಸಿರು ಬಂತು. ಹೊರಗಿನ ಗದ್ದಲ ಒಳಗೆ ಬರಬಾರದೆಂದು ಗೋಡೆಗೆಲ್ಲ ಬೂದು ಬಣ್ಣದ ದಪ್ಪ ಬಟ್ಟೆ ಹೊಡೆದಿದ್ದರು. ಅದರಲ್ಲಿ ಅಕ್ಕನ ಸರ್ವಿಸಿನಷ್ಟೇ ಹಳೆಯ ಧೂಳಿತ್ತು. ಕಿಟಕಿಗೆ ತೆರೆಯದ ಗಾಜು. ಮೇಜಿನ ಮೇಲೆ ತಡವಾದ ರೈಲುಗಳ ದಪ್ಪ ಪುಸ್ತಕ, ಸ್ಟೀಲಿನ ಲೋಟ, ಮೈಕು.

ಅವಳು ಬೆನ್ನು ಹಾಕಿ ಕೂತಿದ್ದಳು. ನಾನು ಬಂದದ್ದು ತಿಳಿಯಲಿಲ್ಲ. ಗುಂಡಿ ಒತ್ತಿದಳು.

"ಪ್ರಯಾಣಿಕರ ಗಮನಕ್ಕೆ."

ಬೆರಳೆತ್ತಿದಳು. ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ಬಗ್ಗಿದಳು. ಹೆಗಲು ಕಿವಿಯ ತನಕ ಏರಿತು. ಎದೆಯೊಳಗಿಂದ ಸುಂಯ್ ಎಂದು ಒಂದು ಸದ್ದು ಬಂತು, ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಗಾಳಿ ಹೊಕ್ಕ ಹಾಗೆ. ಗುಂಡಿ ಒತ್ತಿದಳು.

"ನಾಲ್ಕನೇ ಪ್ಲಾಟ್‌ಫಾರಂಗೆ ಬರಬೇಕಾಗಿದ್ದ ರೈಲು ಐವತ್ತು ನಿಮಿಷ ತಡವಾಗಿ ಬರಲಿದೆ."

ಕೆಳಗೆ ಪ್ಲಾಟ್‌ಫಾರಂನಲ್ಲಿ ಅದೇ ದನಿ, ಹಾಲಿನಂಥ ದನಿ, ಎಲ್ಲರ ತಲೆಯ ಮೇಲೆ ಹರಿದುಹೋಯಿತು. ಮೇಲೆ ಅವಳು ಮತ್ತೆ ಬಗ್ಗಿದಳು.

"ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ," ಎಂದಳು. ಬೆರಳೆತ್ತಿದಳು. ಈ ಸಲ ಬಗ್ಗಿದವಳು ಬಹಳ ಹೊತ್ತು ಮೇಲೇಳಲಿಲ್ಲ.

ನನಗೆ ಹೆದರಿಕೆಯಾಯಿತು. ಆ ದನಿ ಕೇಳುತ್ತ ನಾನು ಎಷ್ಟೋ ಸಲ ಅದೇ ಪ್ಲಾಟ್‌ಫಾರಂನಲ್ಲಿ ಕಡಲೆಕಾಯಿ ತಿನ್ನುತ್ತ ನಿಂತಿದ್ದೆ. ಅಕ್ಕ ಆರಾಮಾಗಿದ್ದಾಳೆ ಎಂದುಕೊಂಡಿದ್ದೆ.

ಅವಳ ಚೀಲ ಪಕ್ಕದ ಸ್ಟೂಲಿನ ಮೇಲಿತ್ತು. ಪಂಪು ತೆಗೆದು ಹಿಂದಿನ ಕಿಂಡಿ ನೋಡಿದೆ. ಲೆಕ್ಕದ ಪ್ರಕಾರ ಅಂದು ಅದರಲ್ಲಿ ಹದಿನಾರು ಇರಬೇಕಿತ್ತು. ಇಪ್ಪತ್ತೆಂಟು ಇತ್ತು.

"ಹೊತ್ತಿಗೆ ಒಂದೇ ತಗೋತಾ ಇದ್ದೀಯಾ?" ಅಂದೆ.

ಅವಳು ಬೆಚ್ಚಿ ತಿರುಗಿದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಮುಖ. "ವಿಚಾರಣೆ ದಿನದವರೆಗೂ ಬರಬೇಕಲ್ಲ," ಅಂದಳು. "ಒಂದು ಸಾಕಾಗತ್ತೆ."

"ಸಾಕಾಗ್ತಾ ಇರೋದು ಈಗ ನೋಡ್ದೆ."

"ಇಲ್ಲಿ ಯಾರಿಗೂ ಹೇಳ್ಬೇಡ. ಉಬ್ಬಸದವಳು ಅಂತ ಗೊತ್ತಾದ್ರೆ ಮೈಕಿಂದ ಎಬ್ಬಿಸಿ ಪಾರ್ಸೆಲ್ ಆಫೀಸಿಗೆ ಹಾಕ್ತಾರೆ. ಅದಕ್ಕೇ ರೈಲ್ವೆ ಆಸ್ಪತ್ರೆಗೂ ನಾನು ಹೋಗಲ್ಲ."

ಎರಡೆರಡು ತೆಗೆದುಕೊಳ್ಳುತ್ತೇನೆ ಎಂದು ಅವಳಿಂದ ಮಾತು ತೆಗೆದುಕೊಂಡು ಬಂದೆ. ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ. ಮರುದಿನ ಕಿಂಡಿಯಲ್ಲಿ ಇಪ್ಪತ್ತಾರು ಕಂಡಿತು.

ವಿಚಾರಣೆಗೆ ತಾಲೀಮು ಶುರುಮಾಡಿದೆವು. ಒಬ್ಬ ರೋಗಿಗೆ ರೋಗಿಯ ಹಾಗೆ ಮಾತಾಡುವುದನ್ನು ಕಲಿಸಬೇಕಾಗಿ ಬಂದದ್ದು ನಮ್ಮ ಮನೆಯಲ್ಲೇ ಇರಬೇಕು. ಭಾವ ಪಕ್ಕದ ಕೋಣೆಯಿಂದ ಫೋನು ಮಾಡಿ ಕಂಪನಿಯ ಡಾಕ್ಟರಾಗುತ್ತಿದ್ದರು.

"ನಮಸ್ಕಾರ. ಹೇಗಿದ್ದೀರಿ?"

"ಚೆನ್ನಾ..." ಅನ್ನುತ್ತಿದ್ದಳು ಅಕ್ಕ. ನಾನು ಮೇಜು ಬಡಿಯುತ್ತಿದ್ದೆ.

"ಉಸಿರಾಟಕ್ಕೆ ತೊಂದರೆ ಇದೆ ಸರ್," ಎಂದು ಅವಳು ತಿದ್ದಿಕೊಳ್ಳುತ್ತಿದ್ದಳು. ಆದರೆ ಅದನ್ನು ಎಷ್ಟು ಇಂಪಾಗಿ, ಎಷ್ಟು ಸ್ಪಷ್ಟವಾಗಿ ಹೇಳುತ್ತಿದ್ದಳೆಂದರೆ, ಉಸಿರಾಟದ ತೊಂದರೆ ಎರಡನೇ ಪ್ಲಾಟ್‌ಫಾರಂಗೆ ಬರಲಿದೆ ಎಂದ ಹಾಗೆ ಕೇಳುತ್ತಿತ್ತು. ಎಣಿಕೆಯಲ್ಲಿ ಹೆಬ್ಬೆರಳು ಯಾವ ಮಾತಿಗೂ ಬಗ್ಗಲಿಲ್ಲ. ಭಾವ ಅದಕ್ಕೆ ಬ್ಯಾಂಡೇಜು ಸುತ್ತಿದರು. ಬ್ಯಾಂಡೇಜು ಸುತ್ತಿದ ಹೆಬ್ಬೆರಳೂ ಕೆಲಸಕ್ಕೆ ಹಾಜರಾಯಿತು. ಕೊನೆಗೆ, ವಿಚಾರಣೆಯ ಹೊತ್ತಿಗೆ ಅವಳ ಬಲಗೈಯನ್ನು ತಾವೇ ಹಿಡಿದು ಕೂರುವುದಾಗಿ ಭಾವ ಹೇಳಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಕೈ ಹಿಡಿಯುವುದಕ್ಕೊಂದು ಕಾರಣ ಸಿಕ್ಕಿತು ಎಂದು ಅಕ್ಕ ನಕ್ಕಳು. ನಕ್ಕದ್ದು ಕೆಮ್ಮಾಗಿ, ಕೆಮ್ಮು ನಿಲ್ಲಲು ಹತ್ತು ನಿಮಿಷ ಹಿಡಿಯಿತು.

ನಾನು ನನಗೆ ಗೊತ್ತಿರುವ ಕೆಲಸ ಮಾಡಿದೆ. ಕಂಪನಿ ಕಳಿಸಿದ ಹದಿನಾಲ್ಕು ಪುಟದ ವಿಚಾರಣಾ ನಿಯಮಗಳನ್ನು ಓದಿದೆ. ಜನ ನಿಯಮಗಳನ್ನು ಓದುವುದಿಲ್ಲ ಎಂಬ ನಂಬಿಕೆಯ ಮೇಲೇ ನಮ್ಮಂಥವರ ಕಚೇರಿಗಳು ನಿಂತಿವೆ. ಒಂಬತ್ತನೆಯ ನಿಯಮ ಹೀಗಿತ್ತು: 'ರೋಗಿಯ ಕುಟುಂಬದವರೊಬ್ಬರು ಸಾಕ್ಷಿಯಾಗಿ ತಮ್ಮ ಪ್ರತ್ಯೇಕ ಫೋನಿನಿಂದ ವಿಚಾರಣೆಗೆ ಸೇರಿಕೊಳ್ಳಬಹುದು. ಸಾಕ್ಷಿಯು ಮಾತನಾಡತಕ್ಕದ್ದಲ್ಲ. ಮಾತನಾಡಿದಲ್ಲಿ ಮೇಲ್ಮನವಿ ವಜಾಗೊಳ್ಳುತ್ತದೆ.' ನಾನು ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಸಾಕ್ಷಿಯಾಗಿ ನನ್ನ ಹೆಸರು ಕೊಟ್ಟೆ.

ವಿಚಾರಣೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಹಿಂದಿನ ದಿನವೇ ಖಾಲಿಯಾಗಬೇಕಿದ್ದ ಪಂಪಿನಲ್ಲಿ ಇನ್ನೂ ಹದಿನೆಂಟು ಇತ್ತು. ಅಕ್ಕನ ಕಣ್ಣ ಕೆಳಗೆ ಕಪ್ಪಾಗಿತ್ತು, ಮಾತಿಗೆ ಮುಂಚೆ ಬಾಯಿ ತೆರೆದು ಕಾಯುತ್ತಿದ್ದಳು. ಅಡುಗೆಮನೆಯ ಮೇಜಿನ ಒಂದು ಕಡೆ ಅಕ್ಕ, ಪಕ್ಕದಲ್ಲಿ ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದ ಭಾವ, ಎದುರಿಗೆ ದನಿ ಅಡಗಿಸಿಟ್ಟ ನನ್ನ ಫೋನಿನೊಂದಿಗೆ ನಾನು, ಬಾಯಿಗೆ ಬೀಗ ಹಾಕಿಕೊಂಡು. ಇಪ್ಪತ್ತೊಂದು ವರ್ಷದಲ್ಲಿ ನಾನು ಅಷ್ಟು ಹೊತ್ತು ಮಾತಾಡದೆ ಕೂತ ದಾಖಲೆ ಇಲ್ಲ.

ಅಧಿಕಾರಿ ಹೆಂಗಸು ನಿಯಮಗಳನ್ನು ಓದಿದಳು. ಸಾಕ್ಷಿ ಮಾತಾಡಬಾರದು ಎಂಬುದನ್ನು ಎರಡು ಸಲ ಓದಿದಳು. ಆಮೇಲೆ ಕಂಪನಿಯ ಡಾಕ್ಟರು ಮಾತಾಡಿದರು. ವಯಸ್ಸಾದ ದನಿ, ಆತುರವಿಲ್ಲದ್ದು.

"ಹೇಗಿದ್ದೀರಿ ಅಮ್ಮ?"

ಭಾವ ಅಕ್ಕನ ಕೈಯನ್ನು ಬಿಗಿಯಾಗಿ ಅದುಮಿದರು.

"ಉಸಿರಾಟಕ್ಕೆ ತೊಂದರೆ ಇದೆ ಸರ್," ಅಂದಳು ಅಕ್ಕ, ಇಂಪಾಗಿ.

"ಹೋದ ಸಲ ಐವತ್ತೆಂಟು ಅಂತ ಇದೆ ಇಲ್ಲಿ. ನಿಮ್ಮ ಡಾಕ್ಟರು ಬರೆದಿರೋದಕ್ಕೂ ಇದಕ್ಕೂ ತಾಳೆ ಆಗ್ತಿಲ್ಲ. ಇನ್ನೊಂದ್ಸಲ ಎಣಿಸ್ತೀರಾ?"

ಅಕ್ಕ ಎಣಿಸತೊಡಗಿದಳು. ಒಂದು, ಎರಡು, ಮೂರು. ಭಾವ ಬಲಗೈಯನ್ನು ಬಿಡಲಿಲ್ಲ. ನಾವಿಬ್ಬರು ಬುದ್ಧಿವಂತರು ಒಂದು ವಿಷಯ ಮರೆತಿದ್ದೆವು. ಫೋನು ಅವಳ ಎಡಗೈಯಲ್ಲಿತ್ತು.

ಎಂಟಾದ ಮೇಲೆ ಎಡಗೈಯ ಹೆಬ್ಬೆರಳು ಸದ್ದಿಲ್ಲದೆ ಪರದೆಯನ್ನು ಮುಟ್ಟಿತು. ಒಂದು ಗುಟುಕು. ಮತ್ತೆ ಮುಟ್ಟಿತು. ಒಂಬತ್ತು, ಹತ್ತು, ಹನ್ನೊಂದು. ಬೇಡ ಎಂದು ನಾನು ಕೈಯಾಡಿಸಿದೆ. ಅವಳು ನನ್ನನ್ನು ನೋಡುತ್ತಲೇ ಇದ್ದಳು, ಕಣ್ಣಲ್ಲಿ ನೀರಿತ್ತು, ಬೆರಳು ಮಾತ್ರ ನಿಲ್ಲಲಿಲ್ಲ. ಇಪ್ಪತ್ತು. ಇಪ್ಪತ್ತೊಂದು. ಅತ್ತ ಕಡೆಯಿಂದ ಕಾಗದದ ಮೇಲೆ ಏನೋ ಗೀಚುವ ಸದ್ದು. ಅದು ಯಾವ ಸದ್ದು ಎಂದು ನನಗೆ ಚೆನ್ನಾಗಿ ಗೊತ್ತು. ಎದುರಿಗಿರುವವರು ಇನ್ನೂ ಮಾತಾಡುತ್ತಿರುವಾಗಲೇ ನಾನು ಫಾರಂ ತುಂಬಿಸತೊಡಗುವ ಸದ್ದು.

ನಾನು ನನ್ನ ಫೋನಿನ ದನಿ ತೆರೆದೆ. ಎದ್ದು, ಮೇಜಿನ ಮೇಲೆ ಬಗ್ಗಿ, ಅದನ್ನು ಅಕ್ಕನ ಗಂಟಲ ಹತ್ತಿರ ಹಿಡಿದೆ. ಒಂದು ಮಾತೂ ಆಡಲಿಲ್ಲ.

ಇಪ್ಪತ್ತಾರಾದ ಮೇಲೆ ಅವಳ ಹೆಬ್ಬೆರಳು ಅವಳ ಫೋನನ್ನು ಅಡಗಿಸಿತು. ಉಸಿರು ನನ್ನದರಲ್ಲಿ ಹೋಯಿತು. ಉದ್ದಕ್ಕೆ, ಹರಿದ ಉಸಿರು, ಕೊನೆಯಲ್ಲಿ ಸೀಟಿ.

"ಏನದು ಶಬ್ದ?" ಅಂದಳು ಅಧಿಕಾರಿ.

ಅಕ್ಕ ಇಪ್ಪತ್ತೇಳು ಅಂದಳು. ಇಪ್ಪತ್ತೆಂಟು. ಮತ್ತೆ ಉಸಿರು.

"ಸಾಕ್ಷಿಯ ಫೋನಿಂದ ಬರ್ತಾ ಇದೆ. ಸಾಕ್ಷಿ ಮಾತಾಡೋ ಹಾಗಿಲ್ಲ. ಇದನ್ನ ದಾಖಲಿಸ್ಕೋತೀನಿ."

"ಅದು ಮಾತಲ್ಲ ಮೇಡಂ," ಅಂದರು ಡಾಕ್ಟರು. "ಉಸಿರು. ಸ್ವಲ್ಪ ಸುಮ್ಮನಿರಿ."

ಆಗ ಅಕ್ಕನಿಗೆ ಗೊತ್ತಾಯಿತು. ತನ್ನ ಗಂಟಲ ಹತ್ತಿರವಿದ್ದ ಫೋನನ್ನು ನೋಡಿದಳು, ನನ್ನನ್ನು ನೋಡಿದಳು. ಜನರ ಮಧ್ಯೆ ನಾನು ಅವಳ ಸೆರಗು ಎಳೆದಿದ್ದರೆ ಹೇಗೆ ನೋಡುತ್ತಿದ್ದಳೋ ಹಾಗೆ ನೋಡಿದಳು. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಅವಳು ಮುಖ ತಿರುಗಿಸಬಹುದಿತ್ತು, ನನ್ನ ಫೋನನ್ನು ತಳ್ಳಬಹುದಿತ್ತು. ಇಪ್ಪತ್ತೊಂಬತ್ತು, ಮೂವತ್ತು ಎಂದಳು. ಎಡಗೈಯ ಫೋನನ್ನು ನಿಧಾನವಾಗಿ ಮೇಜಿನ ಮೇಲೆ ಮಲಗಿಸಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಮೂವತ್ತೊಂದು ಬರಲಿಲ್ಲ. ಬಂದದ್ದು ಉಸಿರು, ಒಂದರ ಮೇಲೊಂದು, ಎರಡೂ ಫೋನಿನಲ್ಲಿ.

"ಆಗ್ತಿಲ್ಲ ಸರ್," ಅಂದಳು. "ಹತ್ತರ ಮೇಲೆ... ಆಗಲ್ಲ. ಆವತ್ತೂ... ಆಗಿರ್ಲಿಲ್ಲ. ನಡುನಡುವೆ... ಉಸಿರು ತಗೊಂಡೆ. ನಿಮ್ಮೋರಿಗೆ... ಕೇಳಿಸ್ದೇ ಇರೋ ಹಾಗೆ. ನಮ್ ಕೆಲಸದಲ್ಲಿ... ಹಾಗೆ ಸರ್."

ಆ ದನಿ ಯಾರದೆಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ಒರಟಾದ, ತುಂಡು ತುಂಡಾದ, ಮುದುಕಿಯ ದನಿ. ನಾನು ಹುಟ್ಟಿದಾಗಿನಿಂದ ಜೊತೆಗಿದ್ದವಳ ನಿಜವಾದ ದನಿಯನ್ನು ನಾನು ಆ ಬುಧವಾರ ಮೊದಲ ಸಲ ಕೇಳಿದೆ.

"ಏನು ಕೆಲಸ ಅಮ್ಮ ನಿಮ್ದು?"

ಅಕ್ಕ ಹೇಳಿದಳು. ಯಾವ ನಿಲ್ದಾಣ ಎಂದೂ ಹೇಳಿದಳು.

"ಓ," ಅಂದರು ಡಾಕ್ಟರು. ಸ್ವಲ್ಪ ತಡೆದು, "ಆ ದನಿ ನಿಮ್ದಾ? ನಾನು ಅಲ್ಲೇ ರೈಲು ಹತ್ತೋದು, ವಾರಕ್ಕೆರಡು ಸಲ," ಅಂದರು. ಆಮೇಲೆ, "ನಂಗೇ ಗೊತ್ತಾಗಿಲ್ಲ ನೋಡಿ. ಎದೆರೋಗದ ಡಾಕ್ಟರು ನಾನು," ಅಂದರು.

ತೀರ್ಮಾನ ಮೂರು ದಿನದಲ್ಲಿ ತಿಳಿಸಲಾಗುವುದು ಎಂದು ಅಧಿಕಾರಿ ಓದಿದಳು. ಅಂದೇ ಸಾಯಂಕಾಲ ನಾಲ್ಕಕ್ಕೆ ಈಮೇಲಿನಲ್ಲಿ ಪತ್ರ ಬಂತು. ಒಂದು ವರ್ಷಕ್ಕೆ ಮಂಜೂರಾಗಿತ್ತು. ಒಂದು ವರ್ಷದ ಮೇಲೆ, ಔಷಧಿಯಿಂದ ರೋಗಿ ಚೆನ್ನಾಗಿದ್ದರೆ, ಚೆನ್ನಾಗಿರುವವರಿಗೆ ಔಷಧಿಯ ಅಗತ್ಯವಿದೆಯೇ ಎಂದು ಮರುಪರಿಶೀಲಿಸಲಾಗುವುದು ಎಂದೂ ಬರೆದಿತ್ತು. ನನಗೆ ಮತ್ತೆ ಆ ಗೌರವ ಬಂತು. ಈ ಸಲ ಸಿಟ್ಟೂ ಅದರ ಜೊತೆಯಲ್ಲೇ ಬಂತು.

ಅಕ್ಕ ಮಧ್ಯಾಹ್ನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ಔಷಧಿ ಅಂಗಡಿಗೆ ನಾನೂ ಬರುತ್ತೇನೆ ಎಂದಾಗ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅಂಗಡಿಯವರು ಪತ್ರ ನೋಡಿ, ಕಂಪ್ಯೂಟರು ನೋಡಿ, ಮತ್ತೆ ಪತ್ರ ನೋಡಿ, ಒಳಗಿಂದ ನೇರಳೆ ಡಬ್ಬಿ ತಂದಿಟ್ಟರು. ಅಕ್ಕ ಕೌಂಟರಿನ ಹತ್ತಿರವೇ ನಿಂತು ಒಡೆದು, ಒಂದು ಸಲ ಎಳೆದುಕೊಂಡಳು, ಕಾದು, ಇನ್ನೊಂದು ಸಲ ಎಳೆದುಕೊಂಡಳು. ಸಾಲಿನಲ್ಲಿ ನಮ್ಮ ಹಿಂದೆ ನಾಲ್ಕು ಜನ ಇದ್ದರು. ಎಲ್ಲರಿಗೂ ಅವಳ ಉಸಿರು ಕೇಳುತ್ತಿತ್ತು.

ಹೊರಗೆ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತೆವು. ಒಂದು ಬಸ್ಸು ಬಂದು ಹೋಯಿತು, ಹತ್ತಲಿಲ್ಲ.

"ಅಷ್ಟು ಜನರ ಮುಂದೆ ಹಾಗೆ ಮಾಡ್ಬಾರ್ದಿತ್ತು ನೀನು," ಅಂದಳು.

"ಇಬ್ಬರೇ ಇದ್ದಿದ್ದು."

"ಇಬ್ಬರು ಜನ ಅಲ್ವಾ?"

ನಾನು ತಪ್ಪಾಯಿತು ಅನ್ನಲಿಲ್ಲ. ತಪ್ಪಾಗಿದ್ದರೆ ಅನ್ನುತ್ತಿದ್ದೆ. ಎರಡನೇ ಬಸ್ಸೂ ಹೋಯಿತು. ಅವಳು ನನ್ನ ಕೈ ಹಿಡಿದುಕೊಂಡಳು, ಭಾವ ಹಿಡಿದಷ್ಟೇ ಬಿಗಿಯಾಗಿ.

"ಆಸ್ಪತ್ರೇಲಿ ಆವಾಗ ನಿಮ್ ಗುರುತು ಸಿಕ್ಕಿರ್ಲಿಲ್ಲ ಅಂತೀರಲ್ಲ," ಅಂದಳು. "ಸಿಕ್ಕಿತ್ತು ಕಣೇ. ನಿನ್ನೂ ನೋಡ್ತಿದ್ದೆ, ಅವರನ್ನೂ ನೋಡ್ತಿದ್ದೆ. ಮಾತಾಡಿದ್ರೆ ನೀವು ಹೆದರ್ಕೋತೀರಾ ಅಂತ ಸುಮ್ಮನಿದ್ದೆ. ಈ ಇಪ್ಪತ್ತು ದಿನ ದಿನಾ ಅದೇ ನೆನಪು. ತುಂಬ ಹೆದರಿಕೆ ಆಗ್ತಿತ್ತು ನಂಗೆ."

ಅವಳ ಎದೆಯಲ್ಲಿನ ಸದ್ದು ಇನ್ನೂ ನಿಂತಿರಲಿಲ್ಲ, ಆದರೆ ಮುಂಚಿನಷ್ಟು ಇರಲಿಲ್ಲ. ಅದನ್ನು ಮುಚ್ಚಲು ಅವಳು ಏನೂ ಮಾಡಲಿಲ್ಲ. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ.